ಪಿ.ಬಿ. ರಸ್ತೆ ಪಕ್ಕದ ಖಾನಾವಳಿ: ಒಮ್ಮೆ ದುಡ್ಡಿಲ್ಲದೆ, ಒಮ್ಮೆ ದುಡ್ಡು ಕೊಟ್ಟು ಉಂಡೆ

ದಾವಣಗೆರೆ ಅಂದರೆ ಎಲ್ಲರೂ ಬೆಣ್ಣೆ ದೋಸೆ, ಮಿರ್ಚಿ ಮಂಡಕ್ಕಿ ಬಗ್ಗೆಯೇ ಬರೀತಾರೆ. ನಾನು ಹೇಳುತ್ತಿರುವುದು ಪಿ.ಬಿ. ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಒಂದು ಸಣ್ಣ ಖಾನಾವಳಿ ಬಗ್ಗೆ. ಆರು ಮೇಜು. ಬೋರ್ಡಿನ ಮೇಲೆ ‘ಖಾನಾವಳಿ’ ಅಂತಷ್ಟೇ ಇದೆ. ಇಲ್ಲಿ ಎರಡು ಸಲ ಊಟ ಮಾಡಿದ್ದೇನೆ. ಮೊದಲ ಸಲ ಜೇಬಿನಲ್ಲಿ ನನ್ನದು ಅಂತ ಒಂದು ರೂಪಾಯಿಯೂ ಇರಲಿಲ್ಲ.

ಪುಣೆಯಲ್ಲಿ ಬ್ಯಾಗ್ ಕಳುವಾಯಿತು. ಫೋನ್, ಪರ್ಸ್ ಎರಡೂ ಅದರಲ್ಲೇ. ಬೆಂಗಳೂರಿಗೆ 800 ಕಿಲೋಮೀಟರ್‌ಗಿಂತ ಜಾಸ್ತಿ ದಾರಿ. ಪೊಲೀಸ್ ಸ್ಟೇಷನ್ನಿಂದ ಅಣ್ಣನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್, ನನಗೆ ಬಾಯಿಪಾಠ ಇರುವುದು ಅದೊಂದೇ ನಂಬರ್. ಒಬ್ಬ ಲಾರಿ ಡ್ರೈವರ್ ಹತ್ತಿಸಿಕೊಂಡರು. ಅವರು ಕೇಳಿದ್ದು ಒಂದೇ ಪ್ರಶ್ನೆ, ಯಾರಾದರೂ ನಿನ್ನನ್ನು ಹುಡುಕುತ್ತಿದ್ದಾರಾ ಅಂತ. ಇಲ್ಲ ಅಂದೆ. ರಾತ್ರಿ ತಮ್ಮ ಬುತ್ತಿಯಲ್ಲೇ ಪಾಲು ಕೊಟ್ಟರು. ಲಾರಿ ದಾವಣಗೆರೆವರೆಗೆ ಮಾತ್ರ. ಬೈಪಾಸಿನಲ್ಲಿ ಇಳಿದು ಊರೊಳಗೆ ನಡೆದೆ.

ಇಲ್ಲಿ ನನಗೆ ಗೊತ್ತಾದ ಒಂದು ವಿಷಯ ಹೇಳಬೇಕು. ಜನ ದುಡ್ಡು ಕೊಡುತ್ತಾರೆ, ಫೋನ್ ಕೊಡುವುದಿಲ್ಲ. ಟೀ ಅಂಗಡಿಯವರು ಸುಮ್ನೆ ಟೀ ಕೊಟ್ಟರು, ಕಾಲೇಜು ಹುಡುಗನೊಬ್ಬ 20 ರೂಪಾಯಿ ಕೈಗಿಟ್ಟ. ಆದರೆ ಒಂದು ಕಾಲ್ ಮಾಡಿಕೊಳ್ಳುತ್ತೇನೆ ಅಂದರೆ ನಾಲ್ಕು ಜನ ಹಿಂದೆ ಸರಿದರು. ಅವರ ಮೇಲೆ ನನಗೆ ಕೋಪ ಇಲ್ಲ. ಒಟಿಪಿ ಮೋಸದ ಸುದ್ದಿ ದಿನಾ ಕೇಳುವವರು ಇನ್ನೇನು ಮಾಡುತ್ತಾರೆ ಹೇಳಿ. ಆದರೂ ಆ 20 ರೂಪಾಯಿ ಹಿಡಿದುಕೊಂಡು ನಿಂತಾಗ ತುಂಬಾ ಸಣ್ಣವನಾದ ಹಾಗೆ ಅನಿಸಿತು.

1962ರಲ್ಲಿ ಸತೀಶ್ ಕುಮಾರ್ ಮತ್ತು ಇ.ಪಿ. ಮೆನನ್ ಅನ್ನೋ ಇಬ್ಬರು ಶಾಂತಿ ಕಾರ್ಯಕರ್ತರು ಅಣುಬಾಂಬ್ ಬೇಡ ಅಂತ ಹೇಳುವುದಕ್ಕೆ ದೆಹಲಿಯಿಂದ ನಡೆದು ಹೊರಟರಲ್ಲ, ಮಾಸ್ಕೋ, ಪ್ಯಾರಿಸ್, ಲಂಡನ್ ನೋಡಿ ವಾಷಿಂಗ್ಟನ್‌ವರೆಗೂ ಹೋದರು. ಕೈಯಲ್ಲಿ ದುಡ್ಡು ಇಟ್ಟುಕೊಳ್ಳಬೇಡಿ ಅಂತ ಅವರಿಗೆ ಹೇಳಿದವರು ವಿನೋಬಾ ಭಾವೆ. ದುಡ್ಡಿಲ್ಲದಿದ್ದರೆ ಜನರ ಬಾಗಿಲಿಗೆ ಹೋಗಲೇಬೇಕು, ಮಾತಾಡಲೇಬೇಕು ಅಲ್ವಾ. ಆದರೆ ಅವರು ಬೇಕು ಅಂತಲೇ ಹಾಗೆ ಹೋದವರು, ಹೇಳಿಕೊಳ್ಳೋಕೆ ಒಂದು ಕಾರಣ ಇತ್ತು. ನನ್ನ ಹತ್ತಿರ ಇದ್ದಿದ್ದು ಕಳ್ಳತನದ ಕಥೆ. ಅದನ್ನು ಮೋಸ ಮಾಡುವವರೂ ಹೇಳುತ್ತಾರೆ.

ಖಾನಾವಳಿ ಯಜಮಾನರಿಗೂ ಅದೇ ಕಥೆ ಹೇಳಿದೆ. ಅವರು ಪೂರ್ತಿ ಕೇಳಲೇ ಇಲ್ಲ. “ಮೊದಲು ಕುಂದ್ರು ತಮ್ಮಾ, ಉಣ್ಣು” ಅಂದರು. ಊಟ ಆದ ಮೇಲೆ ತಮ್ಮ ಫೋನ್ ಕೊಟ್ಟರು. ಅಣ್ಣ ಸಿಕ್ಕಿದ, ಅವರ ನಂಬರಿಗೇ ದುಡ್ಡು ಹಾಕಿದ. ಅಷ್ಟನ್ನೂ ಗಲ್ಲಾದಿಂದ ತೆಗೆದು ಕೊಟ್ಟರು. ಊಟದ್ದು ಹಿಡಿದುಕೊಳ್ಳಿ ಅಂದೆ. ಬೇಡ, ದಾರಿಗೆ ಬೇಕಾಗುತ್ತೆ, ಉದ್ರಿ ಬರ್ಕೋತೀನಿ, ಮತ್ತೆ ಬಂದಾಗ ಕೊಡು ಅಂದರು. ಪಕ್ಕದ ಅಂಗಡಿಯಲ್ಲಿ ‘ಉದ್ರಿ ಕೇಳಬೇಡಿ’ ಅಂತ ಬೋರ್ಡ್ ನೇತಾಡುತ್ತಿತ್ತು. ಇವರು ಹೆಸರೂ ಗೊತ್ತಿಲ್ಲದ ನನ್ನನ್ನು ಗಿರಾಕಿ ಅಂತ ಪುಸ್ತಕಕ್ಕೆ ಸೇರಿಸಿದರು. ಪುಕ್ಕಟೆ ಊಟ ಹಾಕಿದ್ದರೆ ನನಗೆ ಇಷ್ಟು ಸಮಾಧಾನ ಆಗುತ್ತಿರಲಿಲ್ಲ.

ಹಸಿದವನಿಗೆ ಎಲ್ಲಾ ರುಚಿಯೇ. ಹಾಗಾಗಿ ಊಟದ ಬಗ್ಗೆ ಬರೆಯೋಕೆ ಅಂತಲೇ ಎರಡು ತಿಂಗಳ ನಂತರ ಮತ್ತೆ ಹೋದೆ. ಬಿಸಿ ಜೋಳದ ರೊಟ್ಟಿ ಮೆತ್ತಗಿದೆ, ಅಂಚು ಒಡೆದಿರುವುದಿಲ್ಲ. ಎಣ್ಣೆಗಾಯಿಗೆ ಶೇಂಗಾ, ಎಳ್ಳು ಧಾರಾಳ. ಇಲ್ಲಿ ತಿನ್ನಲೇಬೇಕಾದದ್ದು ಅದು. ಕಾಳು ಪಲ್ಯ ಪರವಾಗಿಲ್ಲ. ಸಾರಿಗೆ ಉಪ್ಪು ಸ್ವಲ್ಪ ಜಾಸ್ತಿ, ಎರಡೂ ಸಲ ಹಾಗೇ ಇತ್ತು. ಕೈ ತೊಳೆಯುವ ಜಾಗ ಜಾರುತ್ತೆ, ವಯಸ್ಸಾದವರು ಜೋಪಾನ. ಊಟಕ್ಕೆ 80 ರೂಪಾಯಿ, ಮಜ್ಜಿಗೆ ಅದರಲ್ಲೇ ಬರುತ್ತೆ.

ಕೊನೆಗೆ ಎರಡು ಊಟದ ದುಡ್ಡು ಕೊಟ್ಟೆ. ಯಜಮಾನರಿಗೆ ನನ್ನ ಮುಖ ನೆನಪಿರಲಿಲ್ಲ. ಪುಸ್ತಕ ತಿರುವಿದರು. ‘ಪುಣೆ ಹುಡುಗ, ಊಟ 1’ ಅಂತ ಇತ್ತು. ಅದರ ಮೇಲೆ ಗೀಟು ಹಾಕಿ, ಇನ್ನೊಂದು ರೊಟ್ಟಿ ಹಾಕಿಸ್ಲಾ ಅಂತ ಕೇಳಿದರು.

ಮಧ್ಯಾಹ್ನ ಎರಡರ ಒಳಗೆ ಹೋಗಿ. ಆಮೇಲೆ ಎಣ್ಣೆಗಾಯಿ ಉಳಿದಿರುವುದಿಲ್ಲ.