ಮಟನ್ ಸ್ಟ್ರೀಟಿನ ಬೋರ್ಡಿಲ್ಲದ ಅಂಗಡಿ: ಒಡೆದ ಭರಣಿ, ಅರ್ಧ ಸೀರೆ

ಮೊದಲೇ ಹೇಳಿಬಿಡುತ್ತೇನೆ, ಇದು ಮುಂಬೈಯ ಹಳೇ ಸಾಮಾನಿನ ಪೇಟೆ ಚೋರ್ ಬಜಾರಿನ ಬಗ್ಗೆ ಅಲ್ಲ. ಚೋರ್ ಬಜಾರಿನ ಬಗ್ಗೆ ಎಲ್ಲರೂ ಬರೆದಾಗಿದೆ. ನಿನ್ನೆ ಕಳೆದ ಚಪ್ಪಲಿ ಇವತ್ತು ಅಲ್ಲಿ ಸಿಗುತ್ತದೆ ಅನ್ನೋ ಜೋಕನ್ನು ಮುಂಬೈಗೆ ಬಂದು ಹದಿನೆಂಟು ವರ್ಷದಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನಾನು ಬರೆಯುತ್ತಿರುವುದು ಅಲ್ಲಿನ ಒಂದೇ ಒಂದು ಅಂಗಡಿಯ ಬಗ್ಗೆ. ಅದಕ್ಕೆ ಬೋರ್ಡೇ ಇಲ್ಲ. ಹೆಸರು ಕೇಳಿದರೆ ಅಂಗಡಿಯ ಯಜಮಾನರು, ನಮಗೆಲ್ಲ ಚಾಚಾ, ನಗುತ್ತಾರೆ. ಮಟನ್ ಸ್ಟ್ರೀಟಿನಲ್ಲಿ ಗ್ರಾಮೋಫೋನಿನ ತುತ್ತೂರಿ, ಹಡಗಿನ ದೀಪ ನೇತುಹಾಕಿದ ಅಂಗಡಿಗಳ ಸಾಲು ದಾಟಿದ ಮೇಲೆ, ಬಾಗಿಲಲ್ಲಿ ಬಿಳಿ ಬೆಕ್ಕು ಮಲಗಿದ್ದರೆ ಅದೇ ಅಂಗಡಿ.

ಹತ್ತಡಿ ಅಗಲ ಇದ್ದರೆ ಜಾಸ್ತಿ. ಮೇಲೊಂದು ಅಟ್ಟ, ಅದಕ್ಕೆ ಕಬ್ಬಿಣದ ಏಣಿ. ಕೆಳಗೆಲ್ಲ ಪಿಂಗಾಣಿ, ಅಟ್ಟದ ಮೇಲೆ ಬಟ್ಟೆ. ಧೂಳು ಎಷ್ಟಿದೆ ಅಂದರೆ ಅಸ್ತಮಾ ಇರುವವರು ಮಾಸ್ಕ್ ಹಾಕಿಕೊಂಡೇ ಹೋಗಬೇಕು, ಇದು ತಮಾಷೆಗೆ ಹೇಳುತ್ತಿಲ್ಲ. ಫ್ಯಾನ್ ಹಾಕಿ ಅಂದರೆ ಹಾಕಲ್ಲ, ಧೂಳು ಹಾರುತ್ತದೆ ಅಂತಾರೆ.

ನಾನು ದೊಡ್ಡ ಸಂಗ್ರಾಹಕಿ ಏನಲ್ಲ. ಬ್ಯಾಂಕಿನಲ್ಲಿ ಕೆಲಸ, ಮುಲುಂಡಿನಲ್ಲಿ ಒಂದು ಬೆಡ್‌ರೂಮಿನ ಮನೆ, ಅದರಲ್ಲಿ ಒಂದು ಗಾಜಿನ ಕಪಾಟು. ಅದರಲ್ಲಿ ಹಿಡಿಸುವಷ್ಟೇ ನನ್ನ ಸಂಗ್ರಹ. ಆರು ವರ್ಷದ ಹಿಂದೆ ಇದೇ ಬೀದಿಯ ಬೇರೊಂದು ಅಂಗಡಿಯಲ್ಲಿ (ಹೆಸರು ಬೇಡ) ಒಂದು ನೀಲಿ-ಬಿಳಿ ತಟ್ಟೆ ತಗೊಂಡೆ. "ಮಿಂಗ್ ಕಾಲದ್ದು ಮೇಡಂ, ನಿಮ್ಮ ಅದೃಷ್ಟ" ಅಂದರು, ಮಿಂಗ್ ಅಂದರೆ ಚೀನಾದ ಹಳೇ ರಾಜಮನೆತನ. ಆರೂವರೆ ಸಾವಿರ. ಮನೆಗೆ ತಂದು ಬಿಸಿ ನೀರು, ಸೋಪು ಹಾಕಿ ತೊಳೆದೆ ನೋಡಿ, ತಳದ ಅಂಚಿನ ಹಳೇ ಕಂದು ಬಣ್ಣವೆಲ್ಲ ನೀರಿನ ಜೊತೆ ಹೋಯಿತು! ಚಹಾದ ಡಿಕಾಕ್ಷನ್ ಬಳಿದು ವಯಸ್ಸು ಕೂಡಿಸಿದ್ದರು. ವಯಸ್ಸಿನಲ್ಲಿ ತಟ್ಟೆ ನನ್ನ ಮಗಳಿಗಿಂತ ಚಿಕ್ಕದಿತ್ತು. ಈಗ ಅದರಲ್ಲಿ ಬಾಳೆಹಣ್ಣು ಇಡುತ್ತೇವೆ.

ಆ ಪೆಟ್ಟು ತಿಂದ ಮೇಲೆ ನಾನು ಮಾಡಿದ ಒಂದೇ ಬುದ್ಧಿವಂತಿಕೆಯ ಕೆಲಸ, ಕೊಳ್ಳುವುದು ನಿಲ್ಲಿಸಿ ನೋಡುವುದಕ್ಕೆ ಹೋದದ್ದು. ಫೋರ್ಟಿನ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದಲ್ಲಿ (ನಮ್ಮ ಬಾಯಲ್ಲಿ ಈಗಲೂ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಮ್ಮೇ) ಸರ್ ರತನ್ ಟಾಟಾ ಮತ್ತು ಸರ್ ದೊರಾಬ್ ಟಾಟಾ ಅವರ ಸಂಗ್ರಹದಿಂದ ಬಂದ ಚೀನಾ, ಜಪಾನಿನ ಪಿಂಗಾಣಿ ಇದೆ. ಟಿಕೆಟ್ ತಗೊಂಡು ನಾಲ್ಕು ಭಾನುವಾರ ಅದರ ಮುಂದೆಯೇ ನಿಂತೆ. ಕೊಬಾಲ್ಟಿನ ಆ ನೀಲಿ ಮೆರುಗಿನ ಒಳಗಿಂದ ಕಾಣುತ್ತದೆ, ಮೇಲೆ ಅಂಟಿಸಿದ ಹಾಗೆ ಅಲ್ಲ. ನಾಲ್ಕನೇ ವಾರ ಕಾವಲಿನವರು "ಮತ್ತೆ ಬಂದ್ರಾ" ಅಂತ ಕೇಳಿದರು.

ಇನ್ನು ನಮ್ಮ ಬೆಕ್ಕಿನ ಅಂಗಡಿಗೆ ಬರೋಣ.

ಮೊದಲ ಸಲ ಹೋದಾಗ ಒಂದು ಶುಂಠಿ ಭರಣಿ, ಅಂದರೆ ಹಿಂದೆ ಶುಂಠಿ ತುಂಬಿಡುತ್ತಿದ್ದ ಮುಚ್ಚಳದ ಜಾಡಿ, ನೋಡಿದೆ. ಗಾಢ ನೀಲಿ ನೆಲ, ಬಿರುಕು ಬಿಟ್ಟ ಮಂಜುಗಡ್ಡೆ ತರಹ ಗೆರೆಗಳು, ಅದರ ಮೇಲೆ ಬಿಳಿ ಪ್ಲಮ್ ಹೂವು. ಪಿಂಗಾಣಿ ಮುಚ್ಚಳ ಹೋಗಿ ಯಾರೋ ಮರದ್ದು ಮಾಡಿಸಿದ್ದರು. ಬಾಯಿಯಿಂದ ಹೊಟ್ಟೆಯ ತನಕ ಒಂದು ಸೀಳು, ಸೀಳಿಗೆ ಅಡ್ಡಲಾಗಿ ಐದು ಹಿತ್ತಾಳೆ ಕೊಂಡಿ. ತಳದಲ್ಲಿ ನಾಲ್ಕು ಚೀನೀ ಅಕ್ಷರ. ನಾನು ಜಾಣೆಯ ಹಾಗೆ "ಕಾಂಗ್‌ಶಿ?" ಅಂದೆ. ಬೇರೆ ಯಾರೇ ಆಗಿದ್ದರೂ "ಹೌದು ಹೌದು" ಅಂದು ಬೆಲೆಗೆ ಒಂದು ಸೊನ್ನೆ ಕೂಡಿಸುತ್ತಿದ್ದರು ಅಲ್ವಾ? ಚಾಚಾ ಕನ್ನಡಕ ತೆಗೆದು, "ಬರೆದಿರೋದು ಕಾಂಗ್‌ಶಿ, ಭರಣಿ ಕಾಂಗ್‌ಶಿ ಅಲ್ಲ. ಆ ರಾಜ ಸತ್ತು ನೂರೈವತ್ತು ವರ್ಷಕ್ಕೂ ಮೇಲೆ ಅವನ ಹೆಸರು ಹಾಕಿ ಮಾಡಿದ್ದು. ಆದರೆ ನಕಲಿಗೂ ಈಗ ನೂರಿಪ್ಪತ್ತು ವರ್ಷ ಆಗಿದೆ ಬೇಟಿ" ಅಂದರು. ಅವತ್ತೇ ಈ ಮನುಷ್ಯನ ಮೇಲೆ ನಂಬಿಕೆ ಬಂತು. ಕಾಂಗ್‌ಶಿ ಚಕ್ರವರ್ತಿ ತೀರಿಕೊಂಡದ್ದು 1722ರಲ್ಲಿ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅವನ ಕಾಲದ ಮಾಲಿಗೆ ಬೇಡಿಕೆ ಬಂದಾಗ ಚೀನಾದ ಕುಂಬಾರರೇ ಅವನ ಹೆಸರಿನ ನಾಲ್ಕಕ್ಷರದ ಗುರುತು ಬರೆದು ಇಂಥ ಭರಣಿಗಳನ್ನು ಬೇಕಾದಷ್ಟು ಮಾಡಿದರು. ಇದನ್ನು ಆಮೇಲೆ ಓದಿ ತಿಳಿದುಕೊಂಡೆ, ಚಾಚಾ ಹೇಳಿದ್ದು ಸರಿ ಇತ್ತು.

ಆ ಹಿತ್ತಾಳೆ ಕೊಂಡಿಗಳ ಬಗ್ಗೆ ಎರಡು ಮಾತು. ಅಂಟು ಸಿಗದ ಕಾಲದಲ್ಲಿ ಒಡೆದ ಪಿಂಗಾಣಿಯನ್ನು ಹೀಗೇ ಕೂಡಿಸುತ್ತಿದ್ದರು. ಸೀಳಿನ ಎರಡೂ ಬದಿಗೆ ಸಣ್ಣ ತೂತು ಕೊರೆಯುತ್ತಾರೆ, ಪೂರ್ತಿ ಆಚೆ ಬರದ ಹಾಗೆ ಅರ್ಧಕ್ಕೇ ನಿಲ್ಲಿಸುತ್ತಾರೆ, ಆಮೇಲೆ ಲೋಹದ ಕೊಂಡಿ ಬಿಗಿದು ಕೂರಿಸುತ್ತಾರೆ. ಜಪಾನಿನವರು ಅರಗು, ಚಿನ್ನದ ಪುಡಿ ಹಾಕಿ ಕೂಡಿಸುವುದನ್ನು ಎಲ್ಲರೂ ಹೊಗಳುತ್ತಾರೆ, ಈ ಬಡ ಕೊಂಡಿಯನ್ನು ಯಾರೂ ಕೇಳಲ್ಲ. ಕೊಂಡಿ ಇದ್ದರೆ ಬೆಲೆ ದಬಕ್ಕನೆ ಬೀಳುತ್ತದೆ. ಹಾಗಾಗಿಯೇ ನನ್ನಂಥವರ ಕೈಗೆ ಎಟುಕುತ್ತದೆ. ಐದು ಸಾವಿರ ಹೇಳಿದರು, ಮೂರೂವರೆಗೆ ಕೊಟ್ಟರು. ನೀರು ಹಾಕಿ ನೋಡಿದೆ, ಒಂದು ಹನಿಯೂ ಸೋರಲ್ಲ.

ಹಾಗಂತ ಚಾಚಾ ಹೇಳಿದ್ದೆಲ್ಲ ವೇದವಾಕ್ಯ ಅಂದುಕೊಳ್ಳಬೇಡಿ. ಉಬ್ಬು ಡ್ರ್ಯಾಗನ್ ಇರುವ ಒಂದು ಟೀ ಸೆಟ್ ಇಟ್ಟಿದ್ದಾರೆ. ಕಪ್ಪನ್ನು ಬೆಳಕಿಗೆ ಹಿಡಿದರೆ ತಳದಲ್ಲಿ ಹೆಂಗಸಿನ ಮುಖ ಕಾಣುತ್ತದೆ, ಗಿರಾಕಿಗಳು ಬಾಯಿ ಬಿಟ್ಟು ನೋಡುತ್ತಾರೆ. "ಇನ್ನೂರು ವರ್ಷದ ಚೀನಾ ಮಾಲು" ಅಂತ ಅವರ ಮಗ ಹೇಳುತ್ತಿದ್ದ. ಬಸಿ ತಿರುಗಿಸಿದರೆ ಇಂಗ್ಲಿಷಿನಲ್ಲಿ ಮೇಡ್ ಇನ್ ಜಪಾನ್! ಇದು ಇಪ್ಪತ್ತನೇ ಶತಮಾನದಲ್ಲಿ ಹೊರದೇಶಕ್ಕೆ ಮಾರಲೆಂದೇ ಮಾಡಿದ ಮಾಲು, ಮುಂಬೈಯ ಎಷ್ಟೋ ಮನೆಗಳ ಶೋಕೇಸಿನಲ್ಲಿದೆ. ಅಮೆರಿಕಾದವರು 1891ರಿಂದ ಯಾವ ದೇಶದ ಮಾಲು ಅಂತ ಅಚ್ಚು ಹಾಕಲೇಬೇಕು ಅಂತ ಕಾಯ್ದೆ ಮಾಡಿದರು. ಜಪಾನಿನವರು ಮೊದಲು ನಿಪ್ಪಾನ್ ಅಂತ ಬರೆಯುತ್ತಿದ್ದರು, 1921ರ ಸುಮಾರಿಗೆ ಅದು ಜಪಾನ್ ಆಯಿತು. ಇಷ್ಟು ನೆನಪಿಟ್ಟುಕೊಂಡರೆ ಅರ್ಧ ದುಡ್ಡು ಉಳಿಯುತ್ತದೆ. ಮಗನಿಗೆ ತೋರಿಸಿದೆ, ಅವನು ನಾಚಿಕೆ ಇಲ್ಲದೆ ನಕ್ಕ. ಚಾಚಾ ಇಲ್ಲದ ಹೊತ್ತಿನಲ್ಲಿ ಹೋಗಬೇಡಿ, ಅಷ್ಟೇ.

ಬಟ್ಟೆ ನೋಡಬೇಕಾದರೆ ಏಣಿ ಹತ್ತಬೇಕು. ಸೀರೆ ಉಟ್ಟು ಹೋಗಬೇಡಿ, ನಾನು ಹೋಗಿ ಅನುಭವಿಸಿದ್ದೇನೆ. ಮೇಲೆ ಮುಖ್ಯವಾಗಿ ಪಾರ್ಸಿ ಮನೆಗಳಿಂದ ಬಂದದ್ದು: ಗಾರಾ ಸೀರೆ, ಮಕ್ಕಳ ಝಬಲಾ ಅಂಗಿ, ಸೀರೆಯಿಂದ ಬಿಚ್ಚಿದ ಕೋರ್, ಅಂದರೆ ಅಂಚು. ಹತ್ತೊಂಬತ್ತನೇ ಶತಮಾನದಲ್ಲಿ ಪಾರ್ಸಿ ವ್ಯಾಪಾರಿಗಳು ಇಲ್ಲಿಂದ ಹತ್ತಿ, ಅಫೀಮು ತಗೊಂಡು ಚೀನಾದ ಕ್ಯಾಂಟನ್ನಿಗೆ ಹೋಗಿ ವಾಪಸ್ ಬರುವಾಗ ಚೀನೀ ಕಸೂತಿಯ ರೇಷ್ಮೆ ತರುತ್ತಿದ್ದರು, ಗಾರಾ ಹುಟ್ಟಿದ್ದೇ ಅಲ್ಲಿ. ವಿನ್ಯಾಸಗಳ ಹೆಸರು ಕೇಳಿ: ಹಕ್ಕಿಗಳಿದ್ದರೆ ಚಕಲಾ-ಚಕಲಿ, ಸೇತುವೆ, ಗುಡಿ, ಮನುಷ್ಯರಿದ್ದರೆ ಚೀನಾ-ಚೀನಿ, ದುಂಡು ಬೊಟ್ಟುಗಳಿದ್ದರೆ ಕಾಂದಾ-ಪಪೇಟಾ, ಅಂದರೆ ಈರುಳ್ಳಿ-ಆಲೂಗಡ್ಡೆ! ಒಂದು ಕೋರಿಗೆ ಒಂಬತ್ತು ಸಾವಿರ ಹೇಳಿದರು. ಮುಟ್ಟಿದರೆ ದಾರಕ್ಕೆ ಹುರಿಯೇ ಇಲ್ಲ, ನೀರಿನ ಮೇಲೆ ಕೈಯಾಡಿಸಿದ ಹಾಗೆ. ತಗೊಳ್ಳಲಿಲ್ಲ. ಇನ್ನೂ ಹೊಟ್ಟೆ ಉರಿಯುತ್ತದೆ. ಮಷಿನ್ ಕಸೂತಿಯ ಹೊಸ ಮಾಲೂ ಅದೇ ರಾಶಿಯಲ್ಲಿ ಇರುತ್ತದೆ, ತಿರುಗಿಸಿ ನೋಡಿ, ಹಿಂದೆ ಒಂದೇ ಬಣ್ಣದ ಬಾಬಿನ್ ದಾರ ಉದ್ದಕ್ಕೂ ಓಡಿದ್ದರೆ ಕೆಳಗಿಡಿ.

ಈಗ ನನ್ನ ಅರ್ಧ ಸೀರೆ. ಅಟ್ಟದ ಮೂಲೆಯಲ್ಲಿ ದಿಂಬಿನ ಕವರುಗಳ ಗಂಟಿತ್ತು. ಅದರಲ್ಲಿ ಒಂದು ಕಪ್ಪು ಕವರು, ಮೇಲೆ ಸಾಲಾಗಿ ಆನೆ, ಅಂಬಾರಿ. "ಇದು ಕಚ್ಛ್ ಕಡೆಯದು" ಅಂದರು ಚಾಚಾ. ನಾನು ಮಾತಾಡದೆ ಕಿಟಕಿ ಹತ್ತಿರ ಒಯ್ದೆ. ಆನೆ, ಅಂಬಾರಿ, ಗೋಪುರ, ಎರಡು ನವಿಲಿನ ನಡುವೆ ತುಳಸಿ ಕಟ್ಟೆ. ಎದೆ ಧಸಕ್ಕಂತು. ಕಚ್ಛ್ ಎಲ್ಲಿ ಬಂತು ರೀ, ಇದು ನಮ್ಮ ಧಾರವಾಡ ಕಡೆಯ ಕಸೂತಿ! ಒಂದು ಬದಿಯ ಹೊಲಿಗೆ ಬಿಚ್ಚಲಾ ಅಂದೆ, ಚಾಚಾ ತಾವೇ ಸಣ್ಣ ಕತ್ತರಿ ಕೊಟ್ಟರು. ನೇರ ಗೆರೆಯ ಗಾವಂತಿ ಹೊಲಿಗೆ, ಮೆಟ್ಟಿಲಿನ ಹಾಗೆ ಅಂಕುಡೊಂಕಾದ ಮುರಗಿ ಹೊಲಿಗೆ, ಹಿಂದೆ ಮುಂದೆ ಒಂದೇ, ಎಲ್ಲೂ ಗಂಟಿಲ್ಲ. ಚಿತ್ರ ಬರೆದುಕೊಂಡು ಹಾಕುವ ಕೆಲಸ ಅಲ್ಲ ಇದು, ಬಟ್ಟೆಯ ಎಳೆ ಎಣಿಸಿ ಎಣಿಸಿ ಹಾಕುತ್ತಾರೆ, ಒಂದು ಎಳೆ ತಪ್ಪಿದರೆ ಆನೆಯ ಸೊಂಡಿಲು ಸೊಟ್ಟ.

ಗದಗಿನಲ್ಲಿ ನಮ್ಮ ಅಜ್ಜಿಯ ಹತ್ತಿರ ಇಂಥದೇ ಒಂದು ಕಪ್ಪು ಚಂದ್ರಕಾಳಿ ಸೀರೆ ಇತ್ತು. ಮದುವೆಯದು. ಅಜ್ಜಿ ಹೋದ ಮೇಲೆ ಅವ್ವ ಅದನ್ನು ಹಳೇ ಬಟ್ಟೆಯ ಜೊತೆ ಪಾತ್ರೆ ಮಾರುವವಳಿಗೆ ಕೊಟ್ಟು ಎರಡು ಸ್ಟೀಲ್ ಡಬ್ಬಿ ತಗೊಂಡಳು. ಆ ಡಬ್ಬಿಗಳಲ್ಲಿ ಈಗಲೂ ಅವಲಕ್ಕಿ ಇದೆ. ಅವ್ವನನ್ನು ಬೈಯುತ್ತಿಲ್ಲ, ಆಗ ಎಲ್ಲರ ಮನೆಯಲ್ಲೂ ಹಾಗೇ ನಡೆಯಿತು. ಮುಂಬೈಯಲ್ಲೂ ಪಾತ್ರೆಯವಳು ಇವತ್ತಿಗೂ ಸೊಸೈಟಿ ಗೇಟಿಗೆ ಬರುತ್ತಾಳೆ. ಈ ಕವರು ಅಜ್ಜಿಯದೇ ಅನ್ನೋ ಹುಚ್ಚು ನನಗಿಲ್ಲ.

ಜೊತೆಗೆ ಧಾರವಾಡದಿಂದ ಬಂದ ನಮ್ಮ ವೈನಿ (ಅತ್ತಿಗೆ) ಇದ್ದರು. "ಇಷ್ಟ್ ಹಳೇ ಅರಿವಿ ತಗೊಂಡ್ ಏನ್ ಮಾಡ್ತೀಯವಾ, ಈ ರೊಕ್ಕಕ್ಕ ಹೊಸಾ ಇಳಕಲ್ ಸೀರಿನ ಬರ್ತೈತಿ" ಅಂತ ಜೋರಾಗಿಯೇ ಅಂದರು. ಪುಣ್ಯಕ್ಕೆ ಚಾಚಾಗೆ ಕನ್ನಡ ಬರಲ್ಲ. ನಾನು ಅಲ್ಲೇ ಒಂದು ತಪ್ಪು ಮಾಡಿದೆ, ಖುಷಿಯಲ್ಲಿ ಎಲ್ಲಾ ಹೇಳಿಬಿಟ್ಟೆ: ಇದು ಧಾರವಾಡ ಕಡೆಯದು, ಮದುವಣಗಿತ್ತಿಯ ಸೀರೆಯಿಂದ ಕತ್ತರಿಸಿದ್ದು, ಹೀಗೆ ಎರಡೂ ಕಡೆ ಒಂದೇ ಇರಬೇಕು, ಅಂತೆಲ್ಲ. ಗಿರಾಕಿ ಇಷ್ಟು ಹೇಳಿದ ಮೇಲೆ ಬೆಲೆ ಏರಬೇಕು ತಾನೇ? ಚಾಚಾ ಎರಡು ಸಾವಿರದ ಎಂಟುನೂರು ಅಂದಿದ್ದನ್ನು ಸಾವಿರದ ಒಂಬೈನೂರಕ್ಕೆ ಇಳಿಸಿದರು. "ನೀನು ನನಗೆ ಕಲಿಸಿದ್ದಕ್ಕೆ ಫೀಸು" ಅಂದರು. ಆಮೇಲೆ ಒಂದು ಚೀಟಿಯಲ್ಲಿ ಹಿಂದಿಯಲ್ಲಿ ಕಸೂತಿ, ಧಾರವಾಡ ಅಂತ ಬರೆದು ಗೋಡೆಗೆ ಅಂಟಿಸಿಕೊಂಡರು.

ಆ ತುಂಡನ್ನು ಈಗ ಒಗೆದ ಬಿಳಿ ಮಲ್‌ಮಲ್ ಬಟ್ಟೆಯಲ್ಲಿ ಸುತ್ತಿ, ಕೊಳವೆಗೆ ಸುರುಳಿ ಮಾಡಿ ಇಟ್ಟಿದ್ದೇನೆ. ಮಡಚಿಡಬೇಡಿ, ಮಡಿಕೆಯಲ್ಲೇ ಹರಿಯುತ್ತದೆ. ಕಬ್ಬಿಣದ ಅಂಶ ಹಾಕಿ ಮಾಡಿದ ಕಪ್ಪು ಬಣ್ಣ ಎಳೆಯನ್ನೇ ಒಳಗಿಂದ ತಿನ್ನುತ್ತದೆ, ಹಳೇ ಕಪ್ಪು ಬಟ್ಟೆಯಲ್ಲಿ ಜಾಸ್ತಿ ಹುಷಾರಿರಬೇಕು. ಫ್ರೇಮು ಹಾಕಿಸಿ ಬಿಸಿಲು ಬೀಳುವ ಗೋಡೆಗೆ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಕೊಳ್ಳಬಾರದ್ದೂ ಇದೆ. ಬೀದಿಯ ತುಂಬ ಚೋಳರ ಕಾಲದ ವಿಗ್ರಹ ಅಂತ ಮಾರುತ್ತಾರೆ, ಬಹಳಷ್ಟು ಮೊನ್ನೆ ಎರಕ ಹೊಯ್ದದ್ದು. ಅಕಸ್ಮಾತ್ ನಿಜವಾದದ್ದೇ ಇದ್ದರೆ ಇನ್ನೂ ಕಷ್ಟ, ಯಾವ ಗುಡಿಯಿಂದ ಬಂತು ಅಂತ ಯಾರು ಹೇಳಬೇಕು? 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಕಲ್ಲು, ಲೋಹದ ಶಿಲ್ಪಗಳನ್ನು ನೋಂದಣಿ ಮಾಡಿಸಬೇಕು, ಮಾರುವವರಿಗೆ ಪರವಾನಗಿ ಬೇಕು. ನೂರು ದಾಟಿದ್ದು ಏನೇ ಆಗಲಿ, ನಾವು ನೀವು ಅದನ್ನು ದೇಶದಿಂದ ಆಚೆ ಕಳಿಸುವ ಹಾಗಿಲ್ಲ. ನ್ಯೂಜೆರ್ಸಿಯ ಮಗಳಿಗೆ ಸುಮ್ನೆ ಕೊರಿಯರ್ ಮಾಡೋಣ ಅಂದುಕೊಳ್ಳಬೇಡಿ. ದಂತದ ಸಾಮಾನಿನ ಕಡೆ ತಿರುಗಿಯೂ ನೋಡಬೇಡಿ. ಚಾಚಾ ಪರವಾನಗಿಯನ್ನು ಚೌಕಟ್ಟು ಹಾಕಿ ಗೋಡೆಗೆ ಹಾಕಿದ್ದಾರೆ, ಅವರ ಅಂಗಡಿಯಲ್ಲಿ ವಿಗ್ರಹವೇ ಇಲ್ಲ. ತುಳುನಾಡಿನ ದೈವ ಪಂಜುರ್ಲಿಯ ಒಂದು ಮರದ ಮುಖ ಮಾತ್ರ ಇದೆ. ನನ್ನ ಉಡುಪಿಯ ಗೆಳತಿ ಅದನ್ನು ನೋಡಿ ಚಪ್ಪಲಿ ಬಿಟ್ಟು ಕೈ ಮುಗಿದು ಹೊರಗೆ ಹೋಗಿ ನಿಂತಳು, ಮತ್ತೆ ಒಳಗೆ ಬರಲಿಲ್ಲ.

ದೂರುಗಳು? ಇವೆ. ಕೇಳದೆ ಬಿಲ್ ಕೊಡಲ್ಲ. ಕೇಳಿ, ಅಂದಾಜು ವಯಸ್ಸು, ಎಲ್ಲಿ ಒಡೆದಿದೆ ಅನ್ನೋದನ್ನೂ ಬರೆಸಿಕೊಳ್ಳಿ, ಬರೆದುಕೊಡುತ್ತಾರೆ. ವಾಪಸ್ ತಗೊಳ್ಳಲ್ಲ. ಪ್ಯಾಕಿಂಗ್ ಅಂದರೆ ಎರಡು ಉರ್ದು ಪೇಪರು, ಒಂದು ಪ್ಲಾಸ್ಟಿಕ್ ಚೀಲ. ಲೋಕಲ್ ಟ್ರೈನಿನಲ್ಲಿ ಭರಣಿಯನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದೆ, ಒಬ್ಬರು ಎದ್ದು ಸೀಟೂ ಕೊಟ್ಟರು. ಯುಪಿಐ ನಡೆಯುತ್ತದೆ.

ಸೆಂಟ್ರಲ್ ಲೈನಿನವರು ಸ್ಯಾಂಡ್‌ಹರ್ಸ್ಟ್ ರೋಡಿನಲ್ಲಿ ಇಳಿಯಿರಿ, ವೆಸ್ಟರ್ನಿನವರಿಗೆ ಗ್ರಾಂಟ್ ರೋಡ್. ಅಂಗಡಿ ಶುಕ್ರವಾರ ಬಂದ್. ಆ ದಿನ ನಸುಕಿನಲ್ಲಿ ಬೀದಿ ಮೇಲೆ ಜುಮ್ಮಾ ಬಜಾರು ಹರಡಿಕೊಳ್ಳುತ್ತದೆ, ಅದು ಬೇರೆಯೇ ಕಥೆ, ಜೇಬು ನೋಡಿಕೊಳ್ಳಿ. ಹನ್ನೊಂದೂವರೆಗೆ ಮುಂಚೆ ಹೋದರೆ ಬೆಕ್ಕು ಮಾತ್ರ ಇರುತ್ತದೆ. ವಾಪಸ್ ಬರುವಾಗ ಬೋಹ್ರಿ ಮೊಹಲ್ಲಾದಲ್ಲಿ ಕೈಯಲ್ಲಿ ತಿರುಗಿಸಿ ಮಾಡುವ ಸಂಚಾ ಐಸ್‌ಕ್ರೀಮ್ ತಿನ್ನಿ, ಧೂಳು ಕುಡಿದ ಗಂಟಲಿಗೆ ಅದೇ ಔಷಧ. ವೈನಿ ಎರಡು ತಿಂದರು, ಸೀತಾಫಲದ್ದು.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಆ ಮಗನಿಗೆ.

ಮೊನ್ನೆ ಚಾಚಾ ವಾಟ್ಸ್ಯಾಪಿನಲ್ಲಿ ಒಂದು ಫೋಟೋ ಕಳಿಸಿದರು, ಕೆಳಗೆ "ತುಮ್ಹಾರಾ ಧಾರವಾಡ?" ಅಂತ. ಕೆಂಪು ಸೆರಗು, ಅದರಲ್ಲಿ ತೋಪತೆನಿ ಅನ್ನೋ ಬಿಳಿ ನೇಯ್ಗೆಯ ವಿನ್ಯಾಸ, ನೋಡಿದರೆ ಹಳೇ ಇಳಕಲ್ಲೇ, ಒಂದು ಕಡೆ ಇಲಿ ಕಡಿದಿದೆ. ಫೋಟೋವನ್ನು ವೈನಿಗೆ ದಾಟಿಸಿದೆ. ಅರ್ಧ ಗಂಟೆ ಸುದ್ದಿಯಿಲ್ಲ. ಆಮೇಲೆ ಫೋನು ಬಂತು: "ಎಷ್ಟ್ ಹೇಳ್ಯಾನ?" ಶನಿವಾರ ಹೋಗುತ್ತಿದ್ದೇನೆ. ಅಷ್ಟರೊಳಗೆ ಇದನ್ನು ಓದಿ ನಿಮ್ಮಲ್ಲಿ ಯಾರಾದರೂ ಹೋಗಿ ತಗೊಂಡುಬಿಟ್ಟರೆ, ದಯವಿಟ್ಟು ಮಡಚಿಡಬೇಡಿ.