ಎಟಿಮಾನ್‌ಲೈನ್ ಹೇಗಿದೆ? ‘ಬಿಲಾಂಗ್’ ಅನ್ನೋ ಒಂದು ಪದ ಹಿಡಿದು ನೋಡೋಣ

ಇಂಗ್ಲಿಷ್ ಪದಗಳು ಎಲ್ಲಿಂದ ಬಂದವು ಅಂತ ಹೇಳುವ ಎಟಿಮಾನ್‌ಲೈನ್ ಅನ್ನೋ ವೆಬ್‌ಸೈಟ್ ಬಗ್ಗೆ ಕನ್ನಡದಲ್ಲಿ ಯಾರಾದರೂ ವಿವರವಾಗಿ ಬರೆದಿದ್ದನ್ನು ನಾನು ನೋಡಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ತೀರ್ಥಹಳ್ಳಿಯಲ್ಲಿ ಸಂಜೆ ಹೊತ್ತು ಹೈಸ್ಕೂಲು, ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಮಾಡುತ್ತೇನೆ. ಪಾಠಕ್ಕೆ ಕೂರುವ ಮುಂಚೆ ನಾನು ಜಾಸ್ತಿ ತೆರೆಯುವುದು ಇದನ್ನೇ. ಓದಲು ದುಡ್ಡು ಕೊಡಬೇಕಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಡಗ್ಲಸ್ ಹಾರ್ಪರ್ ಅನ್ನುವವರು ಈ ಶತಮಾನದ ಶುರುವಿನಲ್ಲಿ ಇದನ್ನು ಕಟ್ಟಲು ಶುರು ಮಾಡಿದರು. ಯಾವ ಯಾವ ನಿಘಂಟು ನೋಡಿ ಬರೆದಿದ್ದು ಅಂತ ಪಟ್ಟಿಯನ್ನೂ ಅಲ್ಲೇ ಕೊಟ್ಟಿದ್ದಾರೆ. ಅದು ನನಗೆ ತುಂಬಾ ಇಷ್ಟವಾದ ವಿಷಯ.

ಹೊಗಳಿ ಬಿಟ್ಟರೆ ಏನೂ ತಿಳಿಯಲ್ಲ. ಒಂದೇ ಪದ ತಗೊಂಡು ನೋಡೋಣ. ನನ್ನ ಹತ್ತಿರ ಬರುವ ಒಬ್ಬ ಹುಡುಗಿ ತನ್ನ ಊರಿನ ಬಗ್ಗೆ ಪ್ರಬಂಧ ಬರೆಯುತ್ತಾ, ‘ದಿಸ್ ಲ್ಯಾಂಡ್ ಈಸ್ ಬಿಲಾಂಗಿಂಗ್ ಟು ಮೈ ಗ್ರ್ಯಾಂಡ್‌ಫಾದರ್’ ಅಂತ ಬರೆದಿದ್ದಳು. ಇದು ನಮ್ಮ ಕಡೆ ತುಂಬಾ ಮಕ್ಕಳು ಬರೆಯುವ ವಾಕ್ಯ. ‘ಬಿಲಾಂಗ್ಸ್ ಟು’ ಅಂತ ತಿದ್ದಿದೆ. ಯಾಕೆ ‘ಈಸ್’ ಬೇಡ, ಯಾಕೆ ‘ಟು’ ಬೇಕು ಅಂತ ಕೇಳಿದಳು. ನ್ಯಾಯವಾದ ಪ್ರಶ್ನೆ ಅಲ್ವಾ? ಕನ್ನಡದಲ್ಲಿ ಈ ಕೆಲಸಕ್ಕೆ ಕ್ರಿಯಾಪದವೇ ಬೇಕಾಗಿಲ್ಲ. ‘ಈ ತೋಟ ನಮ್ಮಜ್ಜಂದು’ ಅಂದರೆ ಮುಗಿಯಿತು. ‘ನಾವು ಕೊಪ್ಪದವರು’ ಅಂದರೂ ಮುಗಿಯಿತು. ಇಂಗ್ಲಿಷಿನವರು ಅದಕ್ಕೊಂದು ಕ್ರಿಯಾಪದ ಇಟ್ಟುಕೊಂಡಿದ್ದಾರೆ. ಅದು ಮಾಡುತ್ತಾ ಇರುವ ಕೆಲಸ ಅಲ್ಲ, ಇರುವ ಸ್ಥಿತಿ. ಹಾಗಾಗಿ ‘ಇಂಗ್’ ಹಚ್ಚುವ ಹಾಗಿಲ್ಲ.

‘ಟು’ ಎಲ್ಲಿಂದ ಬಂತು ಅನ್ನೋದಕ್ಕೆ ಪದದ ಹಳೇ ಅರ್ಥ ನೋಡಬೇಕು. ಎಟಿಮಾನ್‌ಲೈನ್ ಹೇಳುವ ಪ್ರಕಾರ ‘ಬಿಲಾಂಗ್’ ಹದಿನಾಲ್ಕನೇ ಶತಮಾನದ ನಡುವಿನ ಹೊತ್ತಿಗೆ ಇಂಗ್ಲಿಷಿನ ಬರಹದಲ್ಲಿ ಕಾಣಿಸುತ್ತದೆ. ಮೊದಲ ಅರ್ಥ ಸ್ವತ್ತು, ಒಡೆತನ ಅಂತ ಅಲ್ಲವೇ ಅಲ್ಲ. ‘ಜೊತೆಗೆ ಹೋಗು, ಸಂಬಂಧಪಟ್ಟಿರು’ ಅಂತ. ಮುಂದಿರುವ ‘ಬಿ’ ಒತ್ತು ಕೊಡಲು ಹಚ್ಚಿದ್ದು. ಉಳಿದ ಭಾಗ ಹಳೇ ಇಂಗ್ಲಿಷಿನ ‘ಲಾಂಗಿಯನ್’ ಅನ್ನೋ ಕ್ರಿಯಾಪದದಿಂದ ಬಂದಿದ್ದು. ‘ಇಂಥವರ ಆಸ್ತಿ’, ‘ಇಂಥ ಗುಂಪಿನವರು’ ಅನ್ನೋ ಅರ್ಥಗಳು ಅದೇ ಶತಮಾನದ ಕೊನೆಗೆ ಸೇರಿಕೊಂಡವು. ಅಂದರೆ ಮೊದಲು ಒಂದರ ಜೊತೆ ಒಂದು ಹೋಗುವುದು, ಆಮೇಲೆ ಒಡೆತನ. ಇದನ್ನು ಹೇಳಿದ ಮೇಲೆ ಆ ಹುಡುಗಿಗೆ ‘ಟು’ ಯಾಕೆ ಅಂತ ಮತ್ತೆ ಹೇಳಬೇಕಾಗಲಿಲ್ಲ. ‘ಅಜ್ಜನಿಗೆ ಸೇರಿದ್ದು’ ಅಂತ ತಾನೇ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಂಡು, ‘ಅಜ್ಜನಿಗೆ’ ಅನ್ನೋದರಲ್ಲಿ ‘ಗೆ’ಗೆ ಒಂದು ಸುತ್ತು ಹಾಕಿದಳು.

ಈ ಪದದ ವಿಷಯದಲ್ಲೇ ಎಟಿಮಾನ್‌ಲೈನ್‌ನ ಇನ್ನೊಂದು ಒಳ್ಳೇ ಗುಣ ಗೊತ್ತಾಗುತ್ತೆ. ‘ಬಿಲಾಂಗಿಂಗ್ ಅಂದರೆ ಬಿ ಮತ್ತು ಲಾಂಗಿಂಗ್, ಇರುವುದು ಮತ್ತು ಹಂಬಲಿಸುವುದು’ ಅಂತ ಚೆಂದದ ಫೋಟೋ ಮೇಲೆ ಬರೆದು ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಇಲ್ಲಿನ ‘ಬಿ’ ಇರುವುದು ಅನ್ನೋ ‘ಬಿ’ ಅಲ್ಲ. ‘ಬಿಫ್ರೆಂಡ್’, ‘ಬಿಮೋನ್’ ಪದಗಳ ಮುಂದಿರುವ ಹಚ್ಚು ಅಕ್ಷರ ಅದು. ಹಂಬಲಿಸು ಅನ್ನೋ ‘ಲಾಂಗ್’ ಉದ್ದ ಅನ್ನೋ ಪದದಿಂದ ಬಂದಿದ್ದು. ಸಂಬಂಧಪಡು ಅನ್ನೋ ‘ಲಾಂಗ್’ಗೂ ಅದೇ ಬೇರು ಇರಬಹುದು, ಖಚಿತವಿಲ್ಲ. ಎಟಿಮಾನ್‌ಲೈನ್ ಇದನ್ನು ‘ಇರಬಹುದು’ ಅಂತಲೇ ಬರೆದು ಬಿಟ್ಟಿದೆ, ಕತೆ ಕಟ್ಟಿಲ್ಲ. ಮಕ್ಕಳಿಗೆ ಪಾಠ ಹೇಳುವವರಿಗೆ ಇಂಥ ಪುಸ್ತಕವೇ ಬೇಕು.

ಒಂದು ಪದದಿಂದ ಅಕ್ಕಪಕ್ಕದ ಪದಕ್ಕೆ ಹೋಗುವುದೂ ಸುಲಭ. ‘ಪೊಸೆಸ್’ ಒತ್ತಿದರೆ ಲ್ಯಾಟಿನ್‌ನಲ್ಲಿ ಅದರೊಳಗೆ ‘ಕೂರು’ ಅನ್ನೋ ಕ್ರಿಯಾಪದ ಇದೆ ಅಂತ ತಿಳಿಯುತ್ತೆ: ಅಧಿಕಾರದಿಂದ ಕೂತವನು. ಬಗರ್ ಹುಕುಂ ಅರ್ಜಿ ಹಿಡಿದು ತಾಲೂಕು ಕಚೇರಿಗೆ ಅಲೆದವರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ. ‘ಓನ್’ (own), ‘ಓ’ (owe), ‘ಆಟ್’ (ought) ಮೂರೂ ಒಂದೇ ಮನೆಯವು. ಇರುವುದು, ಸಾಲ ಇರುವುದು, ಮಾಡಬೇಕಾಗಿರುವುದು. ‘ಇದೆ’ ಅನ್ನೋ ಪದ ಸಾಲಕ್ಕೆ ಹೇಗೆ ಹೋಯಿತು? ‘ಕೊಡುವುದು ಇದೆ’ ಅನ್ನೋ ಮಾತಿನಿಂದ. ನಮ್ಮಲ್ಲೂ ‘ಸೊಸೈಟಿಗೆ ಕೊಡೋದಿದೆ’ ಅಂತಲೇ ಅಲ್ವಾ ಹೇಳೋದು!

ನನಗೆ ತೀರಾ ಹತ್ತಿರವಾಗಿದ್ದು ‘ಟೆನೆಂಟ್’. ಇದು ಮತ್ತು ಸಂಬಂಧಪಡು ಅನ್ನೋ ‘ಪರ್ಟೇನ್’ ಎರಡೂ ಲ್ಯಾಟಿನ್‌ನ ‘ಹಿಡಿ’ ಅನ್ನೋ ಒಂದೇ ಕ್ರಿಯಾಪದದಿಂದ ಬಂದವು. ಗೇಣಿದಾರ ಅಂದರೆ ಹಿಡಿದುಕೊಂಡವನು. ಒಡೆಯನಲ್ಲ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ್ದೂ, ಅಲ್ಲಿಗೆ ಬಂದ ರಾಮಮನೋಹರ ಲೋಹಿಯಾ ಬಂಧನವಾಗಿದ್ದೂ, ಆಮೇಲೆ ದೇವರಾಜ ಅರಸು ಕಾಲದಲ್ಲಿ ಗೇಣಿದಾರನಿಗೇ ಜಮೀನು ಕೊಡುವ 1974ರ ಭೂಸುಧಾರಣೆ ತಿದ್ದುಪಡಿ ಬಂದಿದ್ದೂ ‘ಹಿಡಿದವನು’ ಮತ್ತು ‘ಒಡೆಯ’ ಇವರ ನಡುವಿನ ಈ ವ್ಯತ್ಯಾಸಕ್ಕೇ. ಆ ಹುಡುಗಿಯ ಮನೆಯದೂ ಡಿಕ್ಲರೇಷನ್‌ನಲ್ಲಿ, ಅಂದರೆ ಗೇಣಿದಾರರು ಆಗ ಅರ್ಜಿ ಕೊಟ್ಟು ಪಡೆದ ಹಾಗೆ, ಬಂದ ಜಮೀನು. ಪಹಣಿಯನ್ನು ಆರ್‌ಟಿಸಿ ಅಂತೀವಲ್ಲ, ಅದರ ನಡುವಿನ ‘ಟಿ’ ಅಂದರೆ ‘ಟೆನೆನ್ಸಿ’. ಗೇಣಿ ಹೋಗಿ ಇಷ್ಟು ಕಾಲವಾದರೂ ಆ ಅಕ್ಷರ ಹೋಗಿಲ್ಲ. ಅವಳ ಪ್ರಬಂಧದ ‘ಬಿಲಾಂಗ್ಸ್ ಟು ಮೈ ಗ್ರ್ಯಾಂಡ್‌ಫಾದರ್’ ಅನ್ನೋ ನಾಲ್ಕೈದು ಪದದ ಹಿಂದೆ ಇಷ್ಟೆಲ್ಲ ಇದೆ ಅಂತ ಗೊತ್ತಾದ ಮೇಲೆ ಪ್ರಬಂಧ ಒಂದು ಪುಟ ಉದ್ದವಾಯಿತು, ನಾನು ಬೇಡ ಅನ್ನಲಿಲ್ಲ.

ಯಾರಿಗೆ ಬೇಡ ಅಂತಲೂ ಹೇಳಬೇಕು. ಬರೀ ಅರ್ಥ, ಉಚ್ಚಾರಣೆ, ಇವತ್ತಿನ ಬಳಕೆ ಬೇಕಿದ್ದರೆ ಸಾಮಾನ್ಯ ಡಿಕ್ಷನರಿಯೇ ಸರಿ. ಇಲ್ಲಿನ ಇಂಗ್ಲಿಷ್ ಬಿಗಿಯಾಗಿದೆ. ಶತಮಾನಗಳ ಹೆಸರು ಚುಟುಕು ಅಕ್ಷರದಲ್ಲಿ ಬರುತ್ತೆ. ಹತ್ತನೇ ಕ್ಲಾಸಿನ ಮಕ್ಕಳು ತಾವಾಗಿಯೇ ಓದಿ ಅರ್ಥ ಮಾಡಿಕೊಳ್ಳುವುದು ಕಷ್ಟ. ಪಕ್ಕದಲ್ಲಿ ಒಬ್ಬರು ಕೂತು ಬಿಡಿಸಿ ಹೇಳಬೇಕು. ಮೇಷ್ಟ್ರಿಗೆ, ಅನುವಾದ ಮಾಡುವವರಿಗೆ, ಪಿಯುಸಿ ದಾಟಿದವರಿಗೆ ಕಣ್ಣು ಮುಚ್ಚಿ ಹೇಳಬಹುದು. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕೂವರೆ.

ಕನ್ನಡಕ್ಕೆ ಇಷ್ಟು ಸುಲಭವಾದದ್ದು ಒಂದು ಬೇಕು ಅನ್ನೋದು ನನ್ನ ದೊಡ್ಡ ಆಸೆ. ಅರ್ಥಕ್ಕೆ ವಿ. ಕೃಷ್ಣ ಅವರು ದಶಕಗಳ ಕಾಲ ಕೂತು ಮಾಡಿದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು ಇದೆ, ಅದು ಬಂಗಾರ. ಪದದ ಬೇರು ನೋಡಲು ಟಿ. ಬರೋ (Burrow) ಮತ್ತು ಎಂ. ಬಿ. ಎಮೆನೋ ಅನ್ನೋ ವಿದ್ವಾಂಸರು ಮಾಡಿದ ದ್ರಾವಿಡ ಭಾಷೆಗಳ ನಿಘಂಟು ಶಿಕಾಗೋ ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತೆ. ನಮ್ಮ ‘ಸೇರು’ ತಮಿಳು, ತೆಲುಗುಗಳಲ್ಲಿ ಯಾವ ರೂಪದಲ್ಲಿದೆ ಅಂತ ಅಲ್ಲಿ ನೋಡಬಹುದು. ಆದರೆ ಕನ್ನಡ ಅಕ್ಷರದಲ್ಲಿ ಹುಡುಕಿ, ಕನ್ನಡದಲ್ಲೇ ಓದಿ, ಯಾವ ಶಾಸನದಲ್ಲಿ ಮೊದಲು ಬಂತು ಅಂತ ಒಂದೇ ಕಡೆ ನೋಡುವ ಹಾಗಿರಬೇಕು. ಯಾರಾದರೂ ಇಂಥ ಕೆಲಸ ಶುರು ಮಾಡಿದ್ದರೆ ದಯವಿಟ್ಟು ಹೇಳಿ. ಮಲೆನಾಡಿನ ತೋಟ, ಗದ್ದೆ, ಗೇಣಿಯ ಪದಗಳನ್ನು ಹಿರಿಯರ ಹತ್ತಿರ ಕೂತು ಬರೆಸಿಕೊಂಡು ಕಳಿಸುವ ಕೆಲಸ ನಾನು ಮತ್ತು ನನ್ನ ಟ್ಯೂಷನ್ ಮಕ್ಕಳು ಮಾಡುತ್ತೇವೆ.