ಸತ್ತವರಿಗಾಗಿ: ಬಲಿಪೂಜೆಯೋ, ಮನೆಯ ಜಪಸರವೋ, ಸಮಾಧಿ ಭೇಟಿಯೋ?

ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆ ಕಥೋಲಿಕ ಧರ್ಮಸಭೆಯ ಬಳ್ಳಾರಿ ಧರ್ಮಕ್ಷೇತ್ರಕ್ಕೆ (ಒಬ್ಬ ಬಿಷಪರ ಆಡಳಿತದ ಪ್ರದೇಶಕ್ಕೆ) ಸೇರುತ್ತವೆ. ಇಲ್ಲಿನ ಕಥೋಲಿಕ ಮನೆಗಳಲ್ಲಿ ನವೆಂಬರ್ ಬಂತೆಂದರೆ ಅಗಲಿದವರಿಗಾಗಿ ಏನು ಮಾಡಿಸೋಣ ಎಂಬ ಮಾತು ಬರುತ್ತದೆ.

ಒಂದನ್ನೇ ಆರಿಸುವುದಾದರೆ ನನ್ನ ಮತ ಬಲಿಪೂಜೆಗೆ, ಅಂದರೆ ಚರ್ಚಿನಲ್ಲಿ ಗುರುಗಳು (ಪಾದ್ರಿಗಳು) ಅರ್ಪಿಸುವ ಮಾಸ್‌ಗೆ. ಅಗಲಿದವರಿಗೆ ಅದಕ್ಕಿಂತ ದೊಡ್ಡ ನೆರವಿಲ್ಲ ಎಂದು ಧರ್ಮಸಭೆ ನಂಬುತ್ತದೆ. ಕಾಣಿಕೆ ಕೊಡುವ ರೂಢಿಯಿದೆ, ಆದರೆ ಅದು ಬೆಲೆಯಲ್ಲ. ಬಡವರಿಗಾಗಿ ಕಾಣಿಕೆ ಇಲ್ಲದೆಯೂ ಪೂಜೆ ಅರ್ಪಿಸಿ ಎಂದು ಧರ್ಮಸಭೆಯ ಕಾನೂನೇ ಗುರುಗಳಿಗೆ ಹೇಳುತ್ತದೆ. ಸಂಕೋಚ ಬೇಡ, ಕೇಳಿ. ಗ್ರೆಗೋರಿಯನ್ ಪೂಜೆ ಬೇರೆ: ಒಬ್ಬರಿಗಾಗಿ ಸತತ 30 ದಿನ, 30 ಪೂಜೆ. ಒಬ್ಬರೇ ಗುರು ಇರುವ ಊರಲ್ಲಿ ಇದು ಕಷ್ಟ ಅಲ್ವಾ? ಮೊದಲೇ ಮಾತಾಡಿಕೊಳ್ಳಿ.

ಸಮಾಧಿ ಭೇಟಿಗೆ ದುಡ್ಡು ಬೇಡ, ಶಿಸ್ತು ಬೇಕು. ನವೆಂಬರ್ 1ರಿಂದ 8ರವರೆಗೆ ಸಮಾಧಿಗೆ ಹೋಗಿ, ಮನಸ್ಸಿನಲ್ಲೇ ಆದರೂ ಪ್ರಾರ್ಥಿಸಿದರೆ, ದಿನಕ್ಕೊಂದು ಪೂರ್ಣ ದಂಡವಿಮೋಚನೆಯನ್ನು (ಕ್ಷಮೆಯಾದ ಪಾಪಕ್ಕೆ ಉಳಿದ ಶಿಕ್ಷೆಯ ಪೂರ್ತಿ ಮನ್ನಾ) ಸತ್ತವರಿಗೆ ಅರ್ಪಿಸಬಹುದು. ಸುಮ್ನೆ ಮೇಣದಬತ್ತಿ ಹಚ್ಚಿ ಬಂದರೆ ಸಾಲದು. ಪಾಪನಿವೇದನೆ (ಗುರುಗಳ ಬಳಿ ಪಾಪ ಹೇಳಿಕೊಳ್ಳುವುದು), ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯ ಸ್ವೀಕಾರ), ಪೋಪರ ಉದ್ದೇಶಕ್ಕಾಗಿ ಪ್ರಾರ್ಥನೆ ಬೇಕು. ಪಾಪದ ಮೋಹವನ್ನೂ ಬಿಡಬೇಕು, ಕಷ್ಟದ್ದು ಇದೇ. ಒಂದು ಪಾಪನಿವೇದನೆ ಹಲವು ದಿನಕ್ಕೆ ಸಾಕು. ಪರಮಪ್ರಸಾದ, ಪೋಪರ ಉದ್ದೇಶದ ಪ್ರಾರ್ಥನೆ ಮಾತ್ರ ಪ್ರತಿ ಸಲ ಬೇಕು. ಸಮಾಧಿ ಬೇರೆ ಊರಲ್ಲಿದ್ದರೂ ಚಿಂತೆಯಿಲ್ಲ, ಹತ್ತಿರದ ಸ್ಮಶಾನವೇ ಆದೀತು.

ಜಪಸರ, ಅಂದರೆ ಮಣಿ ಎಣಿಸುತ್ತಾ ಹೇಳುವ ರೋಸರಿ ಪ್ರಾರ್ಥನೆ, ಎಲ್ಲಕ್ಕಿಂತ ಸುಲಭ. ವಯಸ್ಸಾದವರು, ಶಿಫ್ಟ್ ಕೆಲಸದವರು ಮನೆಯಲ್ಲೇ ಹೇಳಬಹುದು. ಸಮಯ ಇನ್ನೂ ಕಡಿಮೆಯಿದ್ದರೆ ಬೈಬಲಿನ 130ನೇ ಕೀರ್ತನೆ ಓದಿ, ಎರಡು ನಿಮಿಷವೂ ಹಿಡಿಯದು.